ಕಪ್ಪು ಬಿಳುಪಿನ ಕಾಡು

ಚಿಕ್ಕಬಳ್ಳಾಪುರ ಜಿಲ್ಲೆಯ ಚಿಂತಾಮಣಿ ತಾಲ್ಲೂಕಿಗೆ ಸೇರಿದ ಮುರುಗಮಲ್ಲವು ದರ್ಗಾದಿಂದ ಹೆಸರಾದ ಊರು. ಜಾತಿಮತಗಳ ಭೇದವಿಲ್ಲದೆ ದೂರದೂರದ ಜನರು ಹರಕೆ ಹೊತ್ತು ಇಲ್ಲಿಗೆ ಬರುತ್ತಾರೆ. ಬಂದವರಲ್ಲಿ ಸುತ್ತಲಿನ ಗುಡ್ಡಗಳನ್ನು ಕಣ್ಣೆತ್ತಿ ನೋಡುವವರು ಕಡಿಮೆ. ನೋಡಿದರೂ ಅವು ಬರಿಯ ಕಲ್ಲುಗುಡ್ಡಗಳೆಂದೇ ತೋರುತ್ತವೆ. ಬೋಳು ಬಂಡೆಗಳು, ಬಂಡೆಗಳ ಸಂದಿನಲ್ಲಿ ಬಂದರಿ, ತಂಗಡಿ, ಕಾರೆಯ ಪೊದೆಗಳು, ಅಲ್ಲೊಂದು ಇಲ್ಲೊಂದು ಜಾಲಿ, ನಡುವೆ ಒಣಹುಲ್ಲು. ಇದನ್ನು ಕಾಡೆಂದು ಕರೆಯಲು ಯಾರಿಗೂ ಮನಸ್ಸು ಬಾರದು. ಕಾಡು ಎಂದೊಡನೆ ಮನಸ್ಸಿನ ಮುಂದೆ ನಿಲ್ಲುವುದು ಮುಗಿಲನ್ನು ಮುಟ್ಟುವ ಮರಗಳ ಸಾಲು.

ಈಗ ಕಪ್ಪು ಬಿಳುಪಿನ ಎರಡು ಛಾಯಾಚಿತ್ರಗಳನ್ನು ಮೇಜಿನ ಮೇಲೆ ಅಕ್ಕಪಕ್ಕದಲ್ಲಿ ಇರಿಸಲಾಗಿದೆ ಎಂದು ಭಾವಿಸೋಣ. ಒಂದರಲ್ಲಿ ಮುರುಗಮಲ್ಲದ ಸುತ್ತಣ ಗುಡ್ಡಗಳಂತಹ ಒಂದು ಇಳಿಜಾರು. ಬಂಡೆ, ಪೊದೆ, ಹುಲ್ಲು. ಇನ್ನೊಂದರಲ್ಲಿ ಅದೇ ಸೀಮೆಯ ಬಯಲಿನಲ್ಲಿ ನಿಂತ ಎತ್ತರದ ಮರಗಳ ತೋಪು. ನೆಟ್ಟಗೆ ಏರಿದ ಕಾಂಡಗಳು, ಅವುಗಳ ನಡುವಿನಿಂದ ಓರೆಯಾಗಿ ಇಳಿಯುವ ಬೆಳಕು. ಇವುಗಳಲ್ಲಿ ಕಾಡಿನ ಚಿತ್ರ ಯಾವುದು ಎಂದು ಕೇಳಿದರೆ ಹತ್ತರಲ್ಲಿ ಒಂಬತ್ತು ಮಂದಿ ಎರಡನೆಯದನ್ನು ತೋರಿಸಿಯಾರು. ಅವರ ಉತ್ತರ ಸರಿಯೇ ತಪ್ಪೇ ಎಂಬುದನ್ನು ತಿಳಿಯಬೇಕಾದರೆ ಇಂತಹ ಚಿತ್ರವನ್ನು ಓದುವ ಬಗೆಯನ್ನು ಮೊದಲು ತಿಳಿಯಬೇಕು. ಚಿತ್ರವನ್ನು ನೋಡುವುದು ಬೇರೆ, ಓದುವುದು ಬೇರೆ. ಪುಸ್ತಕವನ್ನು ತೆರೆದ ಮಾತ್ರಕ್ಕೆ ಅದನ್ನು ಓದಿದಂತಾಗುವುದಿಲ್ಲವಷ್ಟೆ!

ಕಪ್ಪು ಬಿಳುಪಿನ ಚಿತ್ರವೆಂದರೆ ಬಣ್ಣವನ್ನು ತೊಳೆದು ತೆಗೆದ ಚಿತ್ರ ಎಂದು ಸಾಮಾನ್ಯವಾಗಿ ಎಣಿಸುವುದುಂಟು. ವಸ್ತುತಃ ಅದೊಂದು ಭಾಷಾಂತರ. ಕಣ್ಣು ಕಂಡ ಹಸಿರು, ಹಳದಿ, ಕೆಂಪು, ನೀಲಿಗಳನ್ನೆಲ್ಲ ಅದು ಬೂದುಬಣ್ಣದ ನಾನಾ ಮಟ್ಟಗಳಿಗೆ ಭಾಷಾಂತರಿಸುತ್ತದೆ. ಎಲ್ಲ ಭಾಷಾಂತರಗಳಲ್ಲಿಯೂ ಆಗುವಂತೆ ಇಲ್ಲಿಯೂ ಕೆಲವು ಅರ್ಥಗಳು ಸೋರಿಹೋಗುತ್ತವೆ; ಕೆಲವು ಹೊಸದಾಗಿ ಹೊಳೆಯುತ್ತವೆ. ಬಯಲುಸೀಮೆಯ ಮುತ್ತುಗದ ಮರವನ್ನೇ ನೋಡಬಹುದು. ಬೇಸಗೆಯ ಮೊದಲಲ್ಲಿ ಅದು ಎಲೆಯನ್ನೆಲ್ಲ ಉದುರಿಸಿ, ಕೊಂಬೆಕೊಂಬೆಗೂ ಕೆಂಡದಂತಹ ಹೂಗಳನ್ನು ತಳೆದು ನಿಲ್ಲುತ್ತದೆ. ಬರಿಗಣ್ಣಿಗೆ ಅದನ್ನು ಗುರುತಿಸದಿರುವುದು ಅಸಾಧ್ಯ. ಆದರೆ ಕಪ್ಪು ಬಿಳುಪಿನ ಚಿತ್ರದಲ್ಲಿ ಆ ಕೆಂಪೂ ಪಕ್ಕದ ಮರದ ಎಲೆಯ ಹಸಿರೂ ಹೆಚ್ಚುಕಡಿಮೆ ಒಂದೇ ಬೂದುಬಣ್ಣವಾಗಿಬಿಡಬಹುದು. ಆಗ ಎಲೆಯೇ ಇಲ್ಲದ ಮರವನ್ನು ಎಲೆ ತುಂಬಿದ ಮರವೆಂದೂ, ಬೇಸಗೆಯನ್ನು ಮಳೆಗಾಲವೆಂದೂ ನೋಡುಗನು ತಿಳಿಯುವ ಅಪಾಯವಿದೆ. 'ಬೆಳ್ಳಗಿರುವುದೆಲ್ಲ ಹಾಲಲ್ಲ' ಎಂಬ ಗಾದೆ ಛಾಯಾಚಿತ್ರಕ್ಕೂ ಸಲ್ಲುತ್ತದೆ.

ಈ ಭಾಷಾಂತರದ ನಿಯಮಗಳೂ ಕಾಲದಿಂದ ಕಾಲಕ್ಕೆ ಬದಲಾಗಿವೆ. 1839ರಲ್ಲಿ ಫ್ರಾನ್ಸಿನ ದಾಗೇರ್ ತನ್ನ ವಿಧಾನವನ್ನು ಲೋಕಕ್ಕೆ ಪ್ರಕಟಿಸಿದ ಮೇಲೆ ಛಾಯಾಗ್ರಹಣವು ಬಹುಬೇಗ ಭಾರತವನ್ನೂ ಮುಟ್ಟಿತು. ಈಸ್ಟ್ ಇಂಡಿಯಾ ಕಂಪೆನಿಯ ಮದರಾಸು ಸೈನ್ಯದ ಅಧಿಕಾರಿಯಾಗಿದ್ದ ಲಿನಿಯಸ್ ಟ್ರೈಪ್ ಎಂಬಾತನು 1854ರಲ್ಲಿ ಬೇಲೂರು, ಹಳೇಬೀಡುಗಳ ದೇವಾಲಯಗಳ ಛಾಯಾಚಿತ್ರಗಳನ್ನು ತೆಗೆದನು. ಆ ಕಾಲದ ರಾಸಾಯನಿಕಗಳು ನೀಲಿಯ ಬೆಳಕಿಗೆ ಬೇಗ ಸ್ಪಂದಿಸುತ್ತಿದ್ದುವು. ಹಸಿರು ಕೆಂಪುಗಳಿಗೆ ಬಹುಮಟ್ಟಿಗೆ ಕುರುಡಾಗಿದ್ದುವು. ಇದರಿಂದ ಆಕಾಶವು ಬರಿಯ ಬಿಳಿಯ ಹಾಳೆಯಾಗಿಯೂ, ಮರಗಿಡಗಳು ಕಪ್ಪು ಮುದ್ದೆಗಳಾಗಿಯೂ ಮೂಡುತ್ತಿದ್ದುವು. ಟ್ರೈಪನು ಮುಂದೆ ತೆಗೆದ ಕೆಲವು ಚಿತ್ರಗಳಲ್ಲಿ ಖಾಲಿಯಾದ ಆಕಾಶವನ್ನು ಸಹಿಸಲಾರದೆ ನೆಗೆಟಿವಿನ ಮೇಲೆ ಕುಂಚದಿಂದ ಮೋಡಗಳನ್ನು ತೀಡಿದ್ದುಂಟು. ಆ ಚಿತ್ರಗಳನ್ನು ನೋಡಿ ಅಂದು ಮೋಡ ಕವಿದಿತ್ತು ಎಂದು ತೀರ್ಮಾನಿಸುವವನು ಪ್ರಕೃತಿಯನ್ನಲ್ಲ, ಟ್ರೈಪನ ಕುಂಚವನ್ನು ಓದಿದಂತಾಯಿತು.

ಇಪ್ಪತ್ತನೆಯ ಶತಮಾನದಲ್ಲಿ ಎಲ್ಲ ಬಣ್ಣಗಳಿಗೂ ಸ್ಪಂದಿಸುವ ಫಿಲ್ಮು ಬಳಕೆಗೆ ಬಂದಿತು. ಆದರೂ ಛಾಯಾಗ್ರಾಹಕನ ಕೈಯಲ್ಲಿ ಫಿಲ್ಟರ್ ಎಂಬ ಬಣ್ಣದ ಗಾಜು ಉಳಿಯಿತು. ಕೆಂಪು ಗಾಜನ್ನು ಮಸೂರದ ಮುಂದಿಟ್ಟರೆ ನೀಲಿಯ ಆಕಾಶ ಕಪ್ಪಾಗಿ, ಮೋಡಗಳು ಎದ್ದು ಕಾಣುತ್ತವೆ. ಹಸಿರು ಗಾಜನ್ನಿಟ್ಟರೆ ಎಲೆಗಳು ತಿಳಿಯಾಗುತ್ತವೆ. ಇನ್ನು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳಿಗೆ ಸ್ಪಂದಿಸುವ ಫಿಲ್ಮಿನಲ್ಲಂತೂ ಕಾಡೆಲ್ಲ ಹಿಮ ಬಿದ್ದಂತೆ ಬೆಳ್ಳಗಾಗುತ್ತದೆ. ಅಮೆರಿಕದ ವಿಜ್ಞಾನಿ ರಾಬರ್ಟ್ ವುಡ್ 1910ರಲ್ಲಿಯೇ ಇಂತಹ ಚಿತ್ರಗಳನ್ನು ಪ್ರಕಟಿಸಿದ್ದನು. ಹಸಿರೆಲೆಯು ಆ ಕಿರಣಗಳನ್ನು ಹೀರಿಕೊಳ್ಳದೆ ಹಿಂದಕ್ಕೆ ಚೆಲ್ಲುವುದೇ ಇದಕ್ಕೆ ಕಾರಣ. ಆದುದರಿಂದ ಚಿತ್ರದಲ್ಲಿ ಕಾಣುವ ಕಪ್ಪು ಬಿಳುಪುಗಳು ಕಾಡಿನವು ಮಾತ್ರವಲ್ಲ. ಫಿಲ್ಮಿನವೂ, ಗಾಜಿನವೂ ಹೌದು.

ಛಾಯಾಗ್ರಹಣಕ್ಕೆ ಮುಂಚಿನ ಅಚ್ಚಿನ ಚಿತ್ರಗಳಲ್ಲಿ ಈ ತೊಡಕು ಇನ್ನೂ ಹೆಚ್ಚು. 1791ರಲ್ಲಿ ಕಾರ್ನ್‌ವಾಲೀಸನ ಸೈನ್ಯದೊಡನೆ ಮೈಸೂರು ಸೀಮೆಗೆ ಬಂದ ಚಿತ್ರಕಾರ ರಾಬರ್ಟ್ ಹೋಮ್ ಇಲ್ಲಿನ ಗಿರಿದುರ್ಗಗಳನ್ನು ಕಣ್ಣಾರೆ ಕಂಡು ಬರೆದುಕೊಂಡನು. ಆ ಚಿತ್ರಗಳು 1794ರಲ್ಲಿ ಲಂಡನ್ನಿನಲ್ಲಿ ಪುಸ್ತಕರೂಪದಲ್ಲಿ ಪ್ರಕಟವಾದುವು. ಆದರೆ ಅವನ ರೇಖೆಗಳನ್ನು ತಾಮ್ರದ ತಗಡಿನ ಮೇಲೆ ಕೊರೆದವರು ಅಲ್ಲಿನ ಕುಶಲಕರ್ಮಿಗಳು. ಬಯಲುಸೀಮೆಯ ಜಾಲಿಯನ್ನು ಕಾಣದ ಕೈ ಜಾಲಿಯನ್ನು ಕೊರೆಯುವಾಗ ತನಗೆ ಪರಿಚಿತವಾದ ಮರದ ಆಕಾರದ ಕಡೆಗೆ ಒಲಿಯುವುದು ಸಹಜ. ಇಂತಹ ಚಿತ್ರಗಳಲ್ಲಿ ಬೆಟ್ಟದ ಆಕಾರವನ್ನು ನಂಬುವಷ್ಟು ಸುಲಭವಾಗಿ ಎಲೆಯ ಆಕಾರವನ್ನು ನಂಬುವಂತಿಲ್ಲ.

ಛಾಯಾಚಿತ್ರದ ಭಾಷಾಂತರ ಕ್ಯಾಮೆರಾದಲ್ಲಿಯೇ ಮುಗಿಯುವುದಿಲ್ಲ. ಕತ್ತಲ ಕೋಣೆಯಲ್ಲಿ ಮುಂದುವರಿಯುತ್ತದೆ. ಕಾಗದದ ಮೇಲೆ ಬೆಳಕು ಹಾಯಿಸುವಾಗ ಕೈಯನ್ನು ಅಡ್ಡ ಹಿಡಿದು ಒಂದು ಭಾಗವನ್ನು ತಿಳಿಗೊಳಿಸಬಹುದು. ಇನ್ನೊಂದು ಭಾಗಕ್ಕೆ ಹೆಚ್ಚು ಹೊತ್ತು ಬೆಳಕುಣಿಸಿ ಕಪ್ಪಾಗಿಸಬಹುದು. ಅಮೆರಿಕದ ಯೊಸೆಮಿಟಿ ಕಣಿವೆಯ ಕಾಡುಬೆಟ್ಟಗಳನ್ನು ಚಿತ್ರಿಸಿ ಜಗತ್ಪ್ರಸಿದ್ಧನಾದ ಆನ್ಸೆಲ್ ಆಡಮ್ಸ್ (1902–1984) ಈ ಕಲೆಯನ್ನು ಶಾಸ್ತ್ರದ ಮಟ್ಟಕ್ಕೆ ಏರಿಸಿದನು. 1940ರ ಸುಮಾರಿಗೆ ಅವನೂ ಫ್ರೆಡ್ ಆರ್ಚರ್ ಎಂಬ ಅವನ ಸಹೋದ್ಯೋಗಿಯೂ ಕೂಡಿ ಕಡುಗಪ್ಪಿನಿಂದ ಅಚ್ಚ ಬಿಳುಪಿನವರೆಗಿನ ಛಾಯೆಗಳನ್ನು 11 ಮೆಟ್ಟಿಲುಗಳಾಗಿ ವಿಂಗಡಿಸಿದರು. ಪಿಯಾನೊ ವಾದನವನ್ನು ಕಲಿತಿದ್ದ ಆಡಮ್ಸನು ನೆಗೆಟಿವನ್ನು ಸಂಗೀತದ ಸ್ವರಲಿಪಿಗೂ, ಕಾಗದದ ಮೇಲಿನ ಪ್ರತಿಯನ್ನು ಕಛೇರಿಗೂ ಹೋಲಿಸುತ್ತಿದ್ದನು. ಕೃತಿ ಒಂದೇ ಆದರೂ ಹಾಡುವವನು ಬೇರೆಯಾದರೆ ಕಛೇರಿ ಬೇರೆಯಾಗುತ್ತದೆ. ಅದರಂತೆ ಒಂದೇ ನೆಗೆಟಿವಿನಿಂದ ಭಯಂಕರವಾದ ಕಾಡನ್ನೂ ಪಡೆಯಬಹುದು, ಶಾಂತವಾದ ಕಾಡನ್ನೂ ಪಡೆಯಬಹುದು.

ಹೀಗಿರಲು ಕಪ್ಪು ಬಿಳುಪಿನ ಚಿತ್ರವನ್ನು ನಂಬುವುದೇ ಬೇಡವೆ? ಹಾಗಲ್ಲ. ಅದು ಕಳೆದುಕೊಂಡದ್ದಕ್ಕೆ ಬದಲಾಗಿ ಕೊಡುವ ಲಾಭವೂ ದೊಡ್ಡದು. ಕಾಡಿನಲ್ಲಿ ಹಸಿರಿನ ಆರ್ಭಟ ಬಹಳ. ಅದು ಕಣ್ಣನ್ನು ತುಂಬಿಕೊಂಡು ಉಳಿದುದನ್ನು ಮರೆಸುತ್ತದೆ. ಹಸಿರನ್ನು ಹಿಂದಕ್ಕೆ ಸರಿಸಿದಾಗ ಆಕಾರ, ಅಂತರ, ಒರಟು ನುಣುಪು, ಬೆಳಕು ನೆರಳು ಮುಂದೆ ಬರುತ್ತವೆ. ಕರ್ನಾಟಕದಲ್ಲಿ ಇದನ್ನು ಮನಗಂಡವರಲ್ಲಿ ಸಂಡೂರಿನ ಎಂ. ವೈ. ಘೋರ್ಪಡೆ (1931–2011) ಅವರು ಪ್ರಮುಖರು. ರಾಜ್ಯದ ಹಣಕಾಸಿನ ಮಂತ್ರಿಗಳಾಗಿದ್ದ ಅವರು ಬಿಡುವು ದೊರೆತಾಗಲೆಲ್ಲ ಕ್ಯಾಮೆರಾದೊಡನೆ ಕಾಡನ್ನು ಸೇರುತ್ತಿದ್ದರು. ಬಣ್ಣದ ಫಿಲ್ಮು ಎಲ್ಲೆಡೆ ಹರಡಿದ ಮೇಲೂ ಅವರು ಕಪ್ಪು ಬಿಳುಪನ್ನು ಬಿಡಲಿಲ್ಲ. 1983ರಲ್ಲಿ ಪ್ರಕಟವಾದ ಅವರ ವನ್ಯಜೀವಿ ಛಾಯಾಚಿತ್ರಗಳ ಪುಸ್ತಕಕ್ಕೆ 'ಬಿಸಿಲು ಮತ್ತು ನೆರಳುಗಳು' ಎಂಬ ಅರ್ಥದ ಹೆಸರನ್ನೇ ಇಟ್ಟರು. ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್ (1932–2017) ಅವರೂ ಕಪ್ಪು ಬಿಳುಪಿನ ಕತ್ತಲ ಕೋಣೆಯಲ್ಲಿ ಪಳಗಿ ನಿಸರ್ಗ ಛಾಯಾಗ್ರಹಣದಲ್ಲಿ ಹೆಸರು ಗಳಿಸಿದವರು. ಇಂತಹವರಿಗೆ ಬಣ್ಣವಿಲ್ಲದಿರುವುದು ಕೊರತೆಯಾಗಿರಲಿಲ್ಲ. ಮುಖ್ಯವಾದುದನ್ನು ಆರಿಸಿ ಹೇಳುವ ಸಾಧನವಾಗಿತ್ತು.

ಇನ್ನು ಓದುವ ಕ್ರಮ. ಮೊದಲು ನೋಡಬೇಕಾದುದು ಮರವನ್ನಲ್ಲ, ಬೆಳಕನ್ನು. ನೆರಳು ಉದ್ದವಾಗಿದ್ದರೆ ಚಿತ್ರವನ್ನು ಮುಂಜಾನೆಯಲ್ಲಾಗಲಿ ಸಂಜೆಯಲ್ಲಾಗಲಿ ತೆಗೆದಿರಬೇಕು. ಮರದ ಬುಡದಲ್ಲೇ ಮುದುಡಿದ್ದರೆ ನಡುಹಗಲು. ಬೆಳಕು ಹಿಂದಿನಿಂದ ಬಂದಿದ್ದರೆ ಎಲೆಗಳ ಅಂಚು ಹೊಳೆಯುತ್ತದೆ, ಕಾಂಡಗಳು ಕಪ್ಪಾಗುತ್ತವೆ, ತೆರಪಾದ ತೋಪೂ ನಿಗೂಢವಾಗಿ ತೋರುತ್ತದೆ. ಅದೇ ತೋಪು ನೆತ್ತಿಯ ಬಿಸಿಲಿನಲ್ಲಿ ಬರಿದಾಗಿ ಕಂಡೀತು. ಆದುದರಿಂದ ಚಿತ್ರದ ಗಾಂಭೀರ್ಯದಲ್ಲಿ ಕಾಡಿನ ಪಾಲೆಷ್ಟು, ಹೊತ್ತಿನ ಪಾಲೆಷ್ಟು ಎಂದು ಬೇರ್ಪಡಿಸಿ ನೋಡಬೇಕು.

ಎರಡನೆಯದು ದೂರ. ಹತ್ತಿರದ ವಸ್ತುಗಳು ಕಪ್ಪಾಗಿ ಸ್ಪಷ್ಟವಾಗಿಯೂ, ದೂರದವು ಗಾಳಿಯಲ್ಲಿನ ತೇವ ಧೂಳುಗಳಿಂದಾಗಿ ತಿಳಿಯಾಗಿ ಮಾಸಲಾಗಿಯೂ ಮೂಡುತ್ತವೆ. ಒಂದರ ಹಿಂದೊಂದು ತಿಳಿಯಾಗುತ್ತ ಹೋಗುವ ಬೆಟ್ಟಗಳ ಸಾಲು ಚಿತ್ರಕ್ಕೆ ಆಳವನ್ನು ಕೊಡುತ್ತದೆ. ಆದರೆ ದೂರದ ಬೆಟ್ಟ ನುಣ್ಣಗೆ. ಆ ನುಣುಪಿನಲ್ಲಿ ಕಡಿದ ಮರವೂ ಕಾಣದು, ಕಲ್ಲು ಗಣಿಯ ಗಾಯವೂ ಕಾಣದು. ಚಿತ್ರದ ಅಳತೆಯನ್ನು ತಿಳಿಯಲು ಒಬ್ಬ ಮನುಷ್ಯನೋ, ಒಂದು ಆಡೋ, ಒಂದು ಕಾಲುಹಾದಿಯೋ ಬೇಕು. ಅದಿಲ್ಲದಿದ್ದರೆ ಆಳೆತ್ತರದ ಪೊದೆ ಹೆಮ್ಮರವಾಗಿ ಕಂಡರೂ ಆಶ್ಚರ್ಯವಿಲ್ಲ.

ಮೂರನೆಯದು ನೆಲ. ಕಾಡಿನ ಚರಿತ್ರೆಯೆಲ್ಲ ಬರೆದಿರುವುದು ನೆಲಮಟ್ಟದಲ್ಲಿ. ಒಂದೇ ಬುಡದಿಂದ ಸಮದಪ್ಪದ ಎರಡು ಮೂರು ಕಾಂಡಗಳು ಎದ್ದಿದ್ದರೆ ಅಲ್ಲಿ ಹಿಂದೊಮ್ಮೆ ಕೊಡಲಿ ಬಿದ್ದಿದೆ ಎಂದು ಸಂದೇಹಿಸಬೇಕು. ಪೊದೆಗಳೆಲ್ಲ ಒಂದೇ ಎತ್ತರದವರೆಗೆ ಸವರಿದಂತಿದ್ದರೆ ಆಡುಗಳ ಬಾಯಿ ಅಲ್ಲಿಯವರೆಗೆ ಎಟುಕಿದೆ ಎಂದರ್ಥ. ಬಂಡೆಯ ಮೇಲಿನಿಂದ ಇಳಿದ ಕಪ್ಪು ಪಟ್ಟೆಗಳು ಮಳೆಯ ನೀರು ವರ್ಷ ವರ್ಷವೂ ಹರಿಯುವ ದಾರಿಯನ್ನು ತೋರಿಸುತ್ತವೆ. ನೆಲದಲ್ಲಿ ಚಿಕ್ಕ ಸಸಿ, ನಡುಪ್ರಾಯದ ಮರ, ಮುದಿಮರಗಳೆಲ್ಲ ಕೂಡಿದ್ದರೆ ಅದು ತನ್ನನ್ನು ತಾನೇ ಬೆಳೆಸಿಕೊಳ್ಳುತ್ತಿರುವ ಕಾಡು. ಊರಿನಲ್ಲಿ ಮಕ್ಕಳು, ಪ್ರಾಯದವರು, ಮುದುಕರು ಇರುವಂತೆ ಕಾಡಿನಲ್ಲಿಯೂ ಎಲ್ಲ ವಯಸ್ಸಿನವರೂ ಇರಬೇಕು.

ಈ ಅಳತೆಗೋಲುಗಳನ್ನು ಹಿಡಿದು ಮೇಜಿನ ಮೇಲಿನ ಎರಡನೆಯ ಚಿತ್ರಕ್ಕೆ ಮರಳಬಹುದು. ಅಲ್ಲಿನ ಕಾಂಡಗಳು ಏಕೆ ಅಷ್ಟು ನೆಟ್ಟಗೆ ಇವೆ? ಅವುಗಳ ನಡುವಿನ ಅಂತರ ಏಕೆ ಎಲ್ಲೆಡೆಯೂ ಒಂದೇ ಸಮನಾಗಿದೆ? ಮುದಿಮರವೂ ಇಲ್ಲ, ಮರಿಸಸಿಯೂ ಇಲ್ಲ; ಎಲ್ಲವೂ ಒಂದೇ ದಿನ ಹುಟ್ಟಿದಂತೆ ಒಂದೇ ಎತ್ತರಕ್ಕಿವೆ. ತೊಗಟೆ ನುಣುಪಾಗಿ, ಅಲ್ಲಲ್ಲಿ ಸುಲಿದು, ಬೆಳ್ಳಗೆ ಹೊಳೆಯುತ್ತದೆ. ಎಲೆಗಳು ಹರಡಿ ನಿಲ್ಲದೆ ಕೆಳಮುಖವಾಗಿ ಜೋತಿರುವುದರಿಂದಲೇ ಬೆಳಕು ಅಷ್ಟು ಧಾರಾಳವಾಗಿ ನೆಲಕ್ಕೆ ಇಳಿದಿದೆ. ಅಷ್ಟು ಬೆಳಕಿದ್ದರೂ ನೆಲದಲ್ಲಿ ಪೊದೆಯಿಲ್ಲ, ಬಳ್ಳಿಯಿಲ್ಲ. ಒಣಗಿದ ಎಲೆಯ ಹಾಸು ಮಾತ್ರ. ಇದು ಕಾಡಲ್ಲ, ನೀಲಗಿರಿಯ ನೆಡುತೋಪು. ರಾಗಿಯ ಹೊಲದಂತೆ ಇದೂ ಒಂದು ಬೆಳೆ. ಬಣ್ಣದ ಚಿತ್ರದಲ್ಲಾಗಿದ್ದರೆ ಅದರ ಹಸಿರು ನೋಡುಗನನ್ನು ಬಹುಶಃ ಇನ್ನೂ ಮರುಳುಗೊಳಿಸುತ್ತಿತ್ತು. ಕಪ್ಪು ಬಿಳುಪು ಅದರ ಸಾಲುಗಳನ್ನು ಬಯಲು ಮಾಡಿದೆ.

ಮೊದಲನೆಯ ಚಿತ್ರದಲ್ಲಿ ಸಾಲುಗಳಿಲ್ಲ. ಅಲ್ಲಿ ಎರಡು ಪೊದೆಗಳು ಒಂದರಂತೆ ಒಂದಿಲ್ಲ. ಹುಲ್ಲಿನ ತೆಳುಗೆರೆ, ಬಂದರಿಯ ದಟ್ಟ ಗುಪ್ಪೆ, ಜಾಲಿಯ ಸಣ್ಣೆಲೆಯ ಜಾಳಿಗೆ, ಹೂಬಿಟ್ಟ ತಂಗಡಿಯ ಮೇಲಿನ ಬಿಳಿಚುಕ್ಕೆಗಳು, ಬಂಡೆಯ ಬಿರುಕಿನಲ್ಲಿ ಬೇರಿಳಿಸಿದ ಆಲದ ಸಸಿ, ಇವುಗಳಿಗೆ ಬೇರೆಬೇರೆ ಆಕಾರ, ಬೇರೆಬೇರೆ ವಯಸ್ಸು. ಬಂಡೆಯ ಕಪ್ಪು ಪಟ್ಟೆಗಳು ಕೆಳಗಿನ ಕೆರೆಯ ಕಡೆಗೆ ನೀರಿನ ದಾರಿಯನ್ನು ತೋರುತ್ತಿವೆ. ವರ್ಷಕ್ಕೆ 700 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಈ ಸೀಮೆಯಲ್ಲಿ ಪ್ರಕೃತಿ ಬೆಳೆಸಬಲ್ಲ ಕಾಡು ಇದೇ. ಇದು ಕುರುಚಲು ಕಾಡು, ಕೆಟ್ಟುಹೋದ ಮಲೆನಾಡಲ್ಲ. ಹಳದಿ ಕೊರಳಿನ ಪಿಕಳಾರವೆಂಬ ಹಕ್ಕಿಯು ಜಗತ್ತಿನಲ್ಲಿ ದಕ್ಷಿಣ ಭಾರತದ ಇಂತಹ ಕಲ್ಲುಗುಡ್ಡಗಳ ಕುರುಚಲಿನಲ್ಲಿ ಮಾತ್ರ ಬಾಳುತ್ತದೆ. ಇದೇ ಜಿಲ್ಲೆಯ ನಂದಿಬೆಟ್ಟದಲ್ಲಿ ಅದನ್ನು ಕಾಣಲೆಂದು ಪಕ್ಷಿಪ್ರಿಯರು ದೂರದಿಂದ ಬರುತ್ತಾರೆ. ಬರಿಯ ಕಲ್ಲುಗುಡ್ಡವೆಂದು ದಾರಿಹೋಕರು ಕಡೆಗಣಿಸಿದ ನೆಲ ಆ ಹಕ್ಕಿಗೆ ಮನೆ.

ಈ ತಪ್ಪು ಓದಿನ ಬೆಲೆಯನ್ನು ಬಯಲುಸೀಮೆ ತೆತ್ತಿದೆ. 1790ರ ಸುಮಾರಿಗೆ ಟಿಪ್ಪು ಸುಲ್ತಾನನು ನಂದಿಬೆಟ್ಟದ ತನ್ನ ತೋಟದಲ್ಲಿ ನೀಲಗಿರಿಯ ಗಿಡಗಳನ್ನು ನೆಡಿಸಿದನೆಂದು ಪ್ರತೀತಿ. ನಂದಿಬೆಟ್ಟದ ಮರಗಳ ಬೀಜದಿಂದಲೇ 'ಮೈಸೂರು ಗಮ್' ಎಂಬ ತಳಿ ಹರಡಿ, ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ನಾಡಿನ ಉದ್ದಗಲಕ್ಕೂ ವ್ಯಾಪಿಸಿತು. ಕುರುಚಲು ಗುಡ್ಡಗಳನ್ನು ಬೀಳು ನೆಲವೆಂದು ಬಗೆದು ಅಲ್ಲಿ ನೀಲಗಿರಿ ನೆಟ್ಟುದುಂಟು. 1980ರ ದಶಕದಲ್ಲಿ ಅಂದಿನ ಅವಿಭಜಿತ ಕೋಲಾರ ಜಿಲ್ಲೆಯಲ್ಲಿ ರಾಗಿ ಬೆಳೆಯುತ್ತಿದ್ದ ಹೊಲಗಳಿಗೂ ಅದು ಕಾಲಿಟ್ಟಿತು. 1983ರಲ್ಲಿ ತುಮಕೂರು ಜಿಲ್ಲೆಯ ರೈತರು ನೀಲಗಿರಿಯ ಸಸಿಗಳನ್ನು ಕಿತ್ತು ಪ್ರತಿಭಟಿಸಿದರು. ಕೊನೆಗೆ 2017ರಲ್ಲಿ ರಾಜ್ಯ ಸರ್ಕಾರವು ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಅಷ್ಟು ಹೊತ್ತಿಗೆ ಈ ಸೀಮೆಯ ಕೊಳವೆಬಾವಿಗಳು 1000 ಅಡಿಗೂ ಮೀರಿ ಆಳಕ್ಕೆ ಇಳಿದಿದ್ದುವು. ಇದಕ್ಕೆಲ್ಲ ನೀಲಗಿರಿಯೊಂದೇ ಕಾರಣವೆಂದು ಹೇಳುವುದು ನ್ಯಾಯವಲ್ಲ. ಮಿತಿಯಿಲ್ಲದೆ ನೀರೆತ್ತಿದುದೂ, ಕೆರೆಗಳನ್ನು ಮರೆತುದೂ ಕಾರಣಗಳೇ. ಮಳೆ ನಂಬಿ ಸೋತ ರೈತನಿಗೆ ನೀಲಗಿರಿ ಒಂದಿಷ್ಟು ಹಣ ತಂದುಕೊಟ್ಟಿತೆಂಬುದೂ ನಿಜ. ಆದರೆ ಬೆಳೆಯನ್ನು ಬೆಳೆಯೆಂದು ಕರೆಯುವುದು ಬೇರೆ, ಕಾಡೆಂದು ಕರೆಯುವುದು ಬೇರೆ. ಕಾಡೆಂದು ಕರೆದೊಡನೆ ನಿಜವಾದ ಕಾಡು ಬೀಳಾಗಿಬಿಡುತ್ತದೆ.

ಚಿತ್ರವು ಹೇಳಲಾರದ ಮಾತುಗಳೂ ಇವೆ ಎಂಬುದನ್ನು ಓದುಗನು ಮರೆಯಬಾರದು. ಗುಡ್ಡದ ಗಾಳಿಯ ಸದ್ದು, ಮಳೆ ಬಿದ್ದ ಮಣ್ಣಿನ ವಾಸನೆ, ಪಿಕಳಾರದ ಕೊರಳಿನ ಹಳದಿ, ಇವು ಅದರ ಅಳವಿಗೆ ಮೀರಿದವು. ಚೌಕಟ್ಟಿನ ಹೊರಗೆ ಏನಿತ್ತೆಂಬುದನ್ನೂ ಅದು ತಿಳಿಸದು. ಆದುದರಿಂದ ಚಿತ್ರವನ್ನು ಓದಿದವನು ಕೊನೆಗೆ ಎದ್ದು ಆ ಸ್ಥಳಕ್ಕೆ ಹೋಗಬೇಕು. ಅದು ಸಾಧ್ಯವಾಗದಿದ್ದರೆ ಹೋಗಿ ಬಂದವರನ್ನು, ಅಲ್ಲಿಯೇ ದನ ಆಡು ಕಾಯ್ದವರನ್ನು ಕೇಳಬೇಕು. ಹಳೆಯ ಚಿತ್ರವೊಂದು ದೊರೆತರೆ, ಅದನ್ನು ತೆಗೆದ ಜಾಗವನ್ನೇ ಹುಡುಕಿ, ಅದೇ ತಿಂಗಳಲ್ಲಿ, ಅದೇ ಹೊತ್ತಿನಲ್ಲಿ ಇನ್ನೊಂದು ಚಿತ್ರವನ್ನು ತೆಗೆದು ಹೋಲಿಸಬೇಕು. ಬಂಡೆಗಳು ಅಲುಗುವುದಿಲ್ಲವಾದ್ದರಿಂದ ಕಲ್ಲುಗುಡ್ಡದ ಸೀಮೆಯಲ್ಲಿ ಈ ಕೆಲಸ ಸುಲಭ. ಆ ಎರಡು ಚಿತ್ರಗಳ ನಡುವೆ ಕಾಡು ಬೆಳೆದಿದೆಯೋ ಕರಗಿದೆಯೋ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇರೆ ದೊರೆಯುವುದು ಕಷ್ಟ.

'ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು' ಎಂದು ಹಿರಿಯರು ಹೇಳಿದ್ದಾರೆ. ಕಪ್ಪು ಬಿಳುಪಿನ ಚಿತ್ರವು ಈ ಮಾತನ್ನು ಕಲಿಸುವ ಒಳ್ಳೆಯ ಪಾಠಶಾಲೆ. ಅಲ್ಲಿ ಕಲಿತ ಕಣ್ಣು ಮುಂದೊಂದು ದಿನ ಮುರುಗಮಲ್ಲದ ದಾರಿಯಲ್ಲಿ ಬಸ್ಸಿನ ಕಿಟಕಿಯಿಂದ ಹೊರಗೆ ನೋಡಿದಾಗ, ರಸ್ತೆಯ ಬದಿಯಲ್ಲಿ ಸಾಲುಗಟ್ಟಿ ನಿಂತ ಎತ್ತರದ ಮರಗಳ ಆಚೆಗೆ, ಬಿಸಿಲಿನಲ್ಲಿ ಬೇಯುತ್ತಿರುವ ಆ ಪೊದೆಗುಡ್ಡವನ್ನು ಗುರುತಿಸುತ್ತದೆ. ಅದನ್ನು ಅದರ ಸರಿಯಾದ ಹೆಸರಿನಿಂದ, ಕಾಡು ಎಂದು, ಕರೆಯುತ್ತದೆ.